ಹುಲಿಗೆ ಪುಲಿ ಅಂದ ಹುಡುಗ: ಒಂದು ಪ್ರಕರಣ ಅಧ್ಯಯನ

ಹುಲಿಯ ಚಿತ್ರದ ಎದುರು ‘ಪುಲಿ’ ಎಂದು ಬರೆದಿತ್ತು. ಪಕ್ಕದಲ್ಲಿ ಕೆಂಪು ಪೆನ್ನಿನ ಗುಂಡು, ತಪ್ಪು ಅಂತ. ಹಾವಿನ ಎದುರು ‘ಪಾಮು’, ಅದಕ್ಕೂ ಗುಂಡು. ಹಣ್ಣಿಗೆ ‘ಅಣ್ಣು’, ಶಾಲೆಗೆ ‘ಸಾಲೆ’, ಮರಕ್ಕೆ ‘ಮಲ’. ಎಲ್ಲಕ್ಕೂ ಗುಂಡು.

ಮಕ್ಕಳ ಮಾತಿನ ತೊಂದರೆ ನೋಡುವುದು ನನ್ನ ಕೆಲಸ. ಒಬ್ಬ ಹುಡುಗನ ಉಚ್ಚಾರಣೆ ಪರೀಕ್ಷೆಯ ಈ ಹಾಳೆ ನನ್ನ ಕಣ್ಣಿಗೆ ಬಿದ್ದದ್ದೇ ಅದೃಷ್ಟ. ಸಾಮಾನ್ಯವಾಗಿ ತಂದೆ ತಾಯಿ ಕೈಗೆ ಸಿಗುವುದು ಒಂದು ಪುಟದ ರಿಪೋರ್ಟು ಮಾತ್ರ. ಅದರಲ್ಲಿ ಅಂಕಿ ಇರುತ್ತದೆ, ಮಗು ಏನು ಹೇಳಿತು ಅನ್ನುವುದು ಇರುವುದಿಲ್ಲ. ಈ ಹುಡುಗನ ಅಪ್ಪ ಮಾತ್ರ, ಪರೀಕ್ಷೆ ಮಾಡಿದವರು ಟೇಬಲ್ ಮೇಲೆ ಇಟ್ಟಿದ್ದ ಉತ್ತರದ ಹಾಳೆಯನ್ನು ಕೇಳಿಕೊಂಡು ಫೋನಿನಲ್ಲಿ ಫೋಟೊ ತೆಗೆದಿದ್ದರು. ‘ಏನಾದ್ರೂ ಬೇಕಾಗುತ್ತೇನೋ ಅಂತ ಸುಮ್ನೆ ತೆಗೆದೆ ಮೇಡಂ’ ಅಂದರು.

ಹುಡುಗನನ್ನು ಇಲ್ಲಿ ಮನು ಎಂದು ಕರೆಯುತ್ತೇನೆ. ಹೆಸರು ಅವನದಲ್ಲ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಮನು ನನ್ನ ಬಳಿ ಬಂದಾಗ ನಾಲ್ಕು ವರ್ಷ ಹತ್ತು ತಿಂಗಳು. ಎಲ್‌ಕೆಜಿ ಮುಗಿಯುತ್ತಾ ಬಂದಿತ್ತು. ಕೋಲಾರದ ಕಡೆ, ಆಂಧ್ರದ ಗಡಿಗೆ ಹತ್ತಿರದ ಊರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ತೆಲುಗು ಎರಡೂ, ಶಾಲೆಯಲ್ಲಿ ಇಂಗ್ಲಿಷ್. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಚಿಕ್ಕಪ್ಪನ ಸಂಸಾರವೂ ಅದೇ ಮನೆಯಲ್ಲಿದೆ. ಹಗಲು ಹೊತ್ತು ಮಕ್ಕಳು ಅವ್ವನ ಕೈಯಲ್ಲಿ, ಅಂದರೆ ಅಪ್ಪನ ತಾಯಿಯ ಕೈಯಲ್ಲಿ.

ಮೊದಲ ದೂರು ಶಾಲೆಯಿಂದ ಬಂತು. ಮಿಸ್ ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಮಾತು ಅರ್ಥವಾಗುವುದಿಲ್ಲ, ಹೇಳಿದ ಕೆಲಸ ಅರ್ಧ ಮಾಡುತ್ತಾನೆ. ಮನೆಯವರು ಅಲ್ಲಿ ಇಲ್ಲಿ ವಿಚಾರಿಸಿದರು. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ಯಾರೋ ನಾಲಿಗೆ ಕೆಳಗಿನ ನರ ಕತ್ತರಿಸಬೇಕು ಅಂದರು. ಮನು ನಾಲಿಗೆ ಚಾಚಿ ಮೇಲಿನ ತುಟಿಯನ್ನು ಚೆನ್ನಾಗಿಯೇ ನೆಕ್ಕುತ್ತಿದ್ದ. ಕತ್ತರಿಸುವಂಥದ್ದು ಅಲ್ಲೇನೂ ಇರಲಿಲ್ಲ.

ಆಮೇಲೆ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಆಯಿತು. ಚಿತ್ರ ತೋರಿಸಿ ಹೆಸರು ಹೇಳಿಸುವ ಕನ್ನಡದ ಉಚ್ಚಾರಣೆ ಪರೀಕ್ಷೆ, ಜೊತೆಗೆ ಕೆಲವು ವಾಕ್ಯಗಳು. ‘ಉಚ್ಚಾರಣೆಯಲ್ಲಿ ಗಣನೀಯ ದೋಷ, ಭಾಷೆ ಎರಡು ವರ್ಷ ಹಿಂದೆ’ ಎಂದು ರಿಪೋರ್ಟು ಹೇಳಿತು. ಕಿವಿಯ ಬಗ್ಗೆ ಇದ್ದದ್ದು ಒಂದೇ ಸಾಲು: ಹೆಸರು ಕರೆದರೆ ತಿರುಗುತ್ತಾನೆ. ಕೊನೆಯಲ್ಲಿ ಸಲಹೆ: ಮನೆಯಲ್ಲಿ ಒಂದೇ ಭಾಷೆ ಮಾತನಾಡಿ, ಕನ್ನಡವೇ ಆಗಲಿ.

ಆ ಸಲಹೆಯನ್ನು ಮನೆಯವರು ಶಿರಸಾವಹಿಸಿ ಪಾಲಿಸಿದರು. ಅವ್ವನಿಗೆ ಕನ್ನಡ ಬರುವುದು ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು. ಕತೆ ಹೇಳುವಷ್ಟು ಬರದು. ಹಾಗಾಗಿ ನಾಲ್ಕು ತಿಂಗಳು ಮೊಮ್ಮಗನಿಗೆ ಕತೆ ಹೇಳುವುದನ್ನೇ ನಿಲ್ಲಿಸಿದ್ದರು. ‘ಬಾ’, ‘ತಿನ್ನು’, ‘ಮಲಗು’ ಇಷ್ಟೇ. ಮಗುವಿಗೆ ಮಾತು ಸಾಲದು ಅಂತ, ಮನೆಯಲ್ಲಿ ಅವನ ಜೊತೆ ಜಾಸ್ತಿ ಮಾತನಾಡುತ್ತಿದ್ದ ಒಂದೇ ಜೀವದ ಬಾಯಿ ಮುಚ್ಚಿಸಿದ್ದೆವು. ‘ದ್ದೆವು’ ಅಂತಲೇ ಬರೆಯುತ್ತೇನೆ. ಈ ಸಲಹೆ ನಮ್ಮ ವೃತ್ತಿಯಲ್ಲಿ ಇನ್ನೂ ಓಡಾಡುತ್ತಿದೆ. ಎರಡು ಭಾಷೆ ಕಲಿಯುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ, ಒಂದನ್ನು ಬಿಡಿಸಿದರೆ ತೊಂದರೆ ವಾಸಿಯೂ ಆಗುವುದಿಲ್ಲ.

ಗುಂಡುಗಳನ್ನು ಮತ್ತೆ ಎಣಿಸಿದ್ದು

ಫೋಟೊದಲ್ಲಿದ್ದ ಹಾಳೆಯನ್ನು ಮುಂದಿಟ್ಟುಕೊಂಡು ಕೂತೆ. ‘ಹ ಸದ್ದಿಗೆ ಪ ಬಳಸುತ್ತಾನೆ’ ಎಂದು ರಿಪೋರ್ಟಿನಲ್ಲಿತ್ತು. ಅದು ಸದ್ದಿನ ತಪ್ಪೇ ಅಲ್ಲ. ತೆಲುಗಿನಲ್ಲಿ ಹುಲಿ ಅಂದರೆ ಪುಲಿ, ಹಾವು ಅಂದರೆ ಪಾಮು, ಹಾಲು ಅಂದರೆ ಪಾಲು. ಹಳಗನ್ನಡದಲ್ಲೂ ಅದು ಪುಲಿಯೇ ಆಗಿತ್ತು. ಪ ಹೋಗಿ ಹ ಬಂದದ್ದು ಕನ್ನಡದಲ್ಲಿ. ಹುಡುಗ ಚಿತ್ರ ನೋಡಿ ತನ್ನ ಮನೆಯ ಮಾತಿನಲ್ಲಿ ಸರಿಯಾಗಿಯೇ ಹೆಸರು ಹೇಳಿದ್ದಾನೆ.

‘ಅಣ್ಣು’, ‘ಆಲು’ ಅನ್ನುವುದು ಇನ್ನೊಂದು ಬಗೆ. ಹ ಬಿಡುವುದು ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ದಿನದ ಮಾತು. ಶ ಬದಲು ಸ ಅನ್ನುವುದೂ ಹಾಗೆಯೇ. ಮನುವಿನ ಅಪ್ಪನೇ ನನ್ನೆದುರು ‘ಸಾಲೆಗೆ ಓಗ್ತಾನೆ ಮೇಡಂ’ ಅಂದರು. ಅಪ್ಪನ ಮಾತನ್ನು ಮಗ ಕಲಿತರೆ ಅದಕ್ಕೆ ಗುಂಡು ಹಾಕುವುದು ಹೇಗೆ?

ವ್ಯಂಜನಗಳಲ್ಲಿ ಎಷ್ಟು ಸರಿ ಎಂದು ಶೇಕಡಾ ಲೆಕ್ಕ ಹಾಕುವ ಒಂದು ವಿಧಾನವಿದೆ. ನಾವು ಪಿಸಿಸಿ ಅನ್ನುತ್ತೇವೆ. 1982ರಲ್ಲಿ ಅಮೆರಿಕದ ಶ್ರೀಬರ್ಗ್ ಮತ್ತು ಕ್ವಿಯಾಟ್ಕೋವ್ಸ್ಕಿ ಇದನ್ನು ರೂಪಿಸಿದರು. 85ಕ್ಕಿಂತ ಮೇಲಿದ್ದರೆ ತೊಂದರೆ ಸಣ್ಣದು, 50ಕ್ಕಿಂತ ಕೆಳಗಿದ್ದರೆ ತೀವ್ರ ಎನ್ನುವ ಅಳತೆ ಅವರದು. ಮಗುವಿನ ಆಡುನುಡಿಯಲ್ಲಿ ಸಹಜವಾಗಿರುವುದನ್ನು ತಪ್ಪೆಂದು ಎಣಿಸಬೇಡಿ ಅನ್ನುವುದೂ ಅವರ ನಿಯಮಗಳಲ್ಲೇ ಇದೆ. ಮನುವಿನ ಹಾಳೆಯಲ್ಲಿ ಎಲ್ಲ ಗುಂಡುಗಳನ್ನೂ ಎಣಿಸಿದರೆ 68 ಬರುತ್ತಿತ್ತು. ತೆಲುಗು ಪದಗಳನ್ನೂ ಊರ ಮಾತನ್ನೂ ಬಿಟ್ಟು ಎಣಿಸಿದೆ, 89 ಬಂತು. ಉಳಿದದ್ದು ಮುಖ್ಯವಾಗಿ ರ. ಮರಕ್ಕೆ ಮಲ. ರ ತಡವಾಗಿ ಬರುವ ಸದ್ದುಗಳಲ್ಲಿ ಒಂದು, ಆ ವಯಸ್ಸಿಗೆ ಗಾಬರಿಯ ವಿಷಯವಲ್ಲ.

ವಾಕ್ಯಗಳಲ್ಲೂ ಇದೇ ಕಥೆ. ‘ಅಕ್ಕ ಬಂತು’ ಎಂದಿದ್ದಕ್ಕೆ ಲಿಂಗದ ತಪ್ಪು ಎಂದು ಬರೆದಿತ್ತು. ತೆಲುಗಿನಲ್ಲಿ ‘ಅಕ್ಕ ಒಚ್ಚಿಂದಿ’, ‘ಬಸ್ಸು ಒಚ್ಚಿಂದಿ’. ಹೆಂಗಸಿಗೂ ವಸ್ತುವಿಗೂ ಏಕವಚನದಲ್ಲಿ ಒಂದೇ ಕ್ರಿಯಾಪದ. ‘ಬಂದಳು’ ಅನ್ನುವ ಬೇರೆ ರೂಪ ಅಲ್ಲಿಲ್ಲ. ಹಾಗಾಗಿ ‘ಬಂತು’ ಅನ್ನುವುದು ತೆಲುಗು ಮನೆಯ ಕನ್ನಡ.

ತಪ್ಪು ಪರೀಕ್ಷೆಯದಲ್ಲ ಅನ್ನುವುದನ್ನೂ ಹೇಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೇ ಅಂತ ಉಚ್ಚಾರಣೆ ಮತ್ತು ಭಾಷೆಯ ಪರೀಕ್ಷೆಗಳು ತಯಾರಾಗಿವೆ. ಬಹಳ ಭಾರತೀಯ ಭಾಷೆಗಳಿಗೆ ಆ ಭಾಗ್ಯವೂ ಇಲ್ಲ. ಆದರೆ ಕನ್ನಡ ಮನೆಮಾತಿನ ಮಕ್ಕಳಿಗೆ ಹಾಕಿದ ಅಳತೆಗೋಲನ್ನು ತೆಲುಗು ಮನೆಯ ಮಗುವಿಗೆ ಹಿಡಿದರೆ ಏನನ್ನು ಅಳೆದಂತಾಯಿತು? 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಕನ್ನಡ ಮಾತೃಭಾಷೆ ಎಂದವರು ಸುಮಾರು 66%. ಅಂದರೆ ಮೂವರಲ್ಲಿ ಒಬ್ಬರ ಮನೆಮಾತು ಬೇರೆ.

ಬಕೆಟ್ಟು ಮತ್ತು ಗೋಲಿ

ಕಿವಿ ಪರೀಕ್ಷೆ ಮಾಡದೆ ಮಾತಿನ ಬಗ್ಗೆ ಏನನ್ನೂ ತೀರ್ಮಾನಿಸಬಾರದು. ಇದು ನಮಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ. ಹೆಸರು ಕರೆದಾಗ ತಿರುಗಿದರೆ ಸಾಲದು. ಸಣ್ಣ ಪ್ರಮಾಣದ ಕಿವುಡು ಇರುವ ಮಗುವೂ ತಿರುಗುತ್ತದೆ.

ಮನುವಿಗೆ ಹೆಡ್‌ಫೋನ್ ಹಾಕಿ ಆಟ ಕಲಿಸಿದೆವು. ಬೀಪ್ ಕೇಳಿದಾಗ ಒಂದು ಗೋಲಿಯನ್ನು ಬಕೆಟ್ಟಿಗೆ ಹಾಕಬೇಕು. ಎರಡೇ ನಿಮಿಷದಲ್ಲಿ ಕಲಿತ. ಬಲಗಿವಿಗೆ ಕೇಳಿಸಿದ ಅತಿ ಸಣ್ಣ ಸದ್ದು 30 ಡೆಸಿಬೆಲ್, ಎಡಗಿವಿಗೆ 35. ಮಕ್ಕಳಲ್ಲಿ ಇದು 15ರ ಒಳಗಿರಬೇಕು. ಕಿವಿ ತಮಟೆ ಎಷ್ಟು ಅಲುಗುತ್ತದೆ ಎಂದು ನೋಡುವ ಟಿಂಪನೊಮೆಟ್ರಿಯಲ್ಲಿ ಎರಡೂ ಕಡೆ ಗೆರೆ ಚಪ್ಪಟೆ. ಅಂದರೆ ತಮಟೆಯ ಹಿಂದೆ ನೀರು ತುಂಬಿದೆ. ಹಳೆಯ ವಿಷಯ ಕೆದಕಿದಾಗ ಹೊರಬಂತು: ವರ್ಷಪೂರ್ತಿ ನೆಗಡಿ, ಮೂರನೇ ವಯಸ್ಸಲ್ಲಿ ಒಮ್ಮೆ ಕಿವಿ ಸೋರಿತ್ತು, ಟಿವಿ ಸೌಂಡು ಜಾಸ್ತಿ ಇಡುತ್ತಾನೆ.

ಕಿವಿ ಮೂಗು ಗಂಟಲು ಡಾಕ್ಟರು ಮೂರು ತಿಂಗಳು ಕಾಯೋಣ ಅಂದರು. ಬಹಳ ಮಕ್ಕಳಲ್ಲಿ ಈ ನೀರು ಅಷ್ಟರಲ್ಲಿ ತಾನಾಗಿ ಒಣಗುತ್ತದೆ.

ನಾನು ಎಡವಿದ್ದು ಇಲ್ಲಿ. ಎಲ್ಲವೂ ಚೆನ್ನಾಗಿ ಹೊಂದಿಕೊಂಡಿತ್ತು ನೋಡಿ. ಗುಂಡುಗಳಲ್ಲಿ ಹೆಚ್ಚಿನವು ತೆಲುಗು ಮತ್ತು ಊರ ಮಾತು. ಮಿಸ್ ಹೇಳಿದ್ದು ಕೇಳಿಸದಿರುವುದಕ್ಕೆ ಕಿವಿಯ ನೀರು. ಅಪ್ಪ ಅಮ್ಮನಿಗೆ ಧೈರ್ಯ ಹೇಳಿದೆ. ‘ಮಗುಗೆ ದೊಡ್ಡ ತೊಂದರೆ ಏನಿಲ್ಲ. ತೆಲುಗಲ್ಲೇ ಮಾತಾಡಿ. ಮೂರು ತಿಂಗಳಾದ ಮೇಲೆ ಕಿವಿ ತೋರಿಸಿ.’ ಅಮ್ಮ ಅಲ್ಲೇ ಅತ್ತುಬಿಟ್ಟರು, ಸಮಾಧಾನದಿಂದ. ನನಗೂ ಒಂಥರಾ ಹೆಮ್ಮೆ. ಬೇರೆಯವರ ತಪ್ಪು ಹುಡುಕಿದ ಹೆಮ್ಮೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಆ ದಿನ ನಾನು ಒಂದು ಪ್ರಶ್ನೆ ಕೇಳಲಿಲ್ಲ: ತೆಲುಗಿನಲ್ಲಿ ಇವನು ಹೇಗೆ?

ಅವ್ವ ಬಂದ ದಿನ

ಜೂನ್ ತಿಂಗಳು. ಅಮ್ಮನಿಗೆ ಶಿಫ್ಟು, ಅದಕ್ಕೆ ಅಪ್ಪನ ಜೊತೆ ಅವ್ವ ಬಂದಿದ್ದರು. ಕಿವಿ ಎರಡೂ 15ಕ್ಕೆ ಬಂದಿತ್ತು, ನೀರು ಹೋಗಿತ್ತು. ಫೈಲ್ ಮುಚ್ಚುವುದರಲ್ಲಿದ್ದೆ. ಅವ್ವ ಅಲ್ಲಿಯವರೆಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಏಳುವಾಗ ಮಗನಿಗೆ ಏನೋ ಹೇಳಿದರು. ಮಗ ‘ಇರ್ಲಿ ಬಿಡಮ್ಮಾ’ ಅಂತ ತಡೆದರು. ಏನಂತೆ ಅಂತ ಕೇಳಿದೆ.

‘ಚಿನ್ನದಾನಿಕಿ ಚೆಪ್ತೇ ತೆಲುಸ್ತುಂದಿ. ವೀಡಿಕಿ ತೆಲುಗುಲೋ ಚೆಪ್ಪಿನಾ ತೆಲೀದು.’

ಚಿಕ್ಕವಳಿಗೆ ಹೇಳಿದರೆ ತಿಳಿಯುತ್ತದೆ, ಇವನಿಗೆ ತೆಲುಗಲ್ಲಿ ಹೇಳಿದರೂ ತಿಳಿಯುವುದಿಲ್ಲ. ಚಿಕ್ಕವಳು ಅಂದರೆ ಚಿಕ್ಕಪ್ಪನ ಮಗಳು, ಮೂರೂಮುಕ್ಕಾಲು ವರ್ಷ. ಅದೇ ಮನೆ, ಅದೇ ಅವ್ವ, ಅದೇ ಎರಡು ಭಾಷೆ. ಬಿಂದಿಗೆ ಪಕ್ಕದಲ್ಲಿರುವ ಲೋಟ ತಂದು ಚಿಕ್ಕಪ್ಪನಿಗೆ ಕೊಡು ಅಂದರೆ ಅವಳು ತಂದು ಕೊಡುತ್ತಾಳೆ. ಮನು ಒಳಗೆ ಹೋಗಿ ಸುಮ್ಮನೆ ನಿಂತಿರುತ್ತಾನೆ. ‘ಇವರ ಚಿಕ್ಕಪ್ಪನೂ ಹೀಗೇ ಇದ್ದ, ಐದು ವರ್ಷದವರೆಗೂ’ ಅಂತ ಅವ್ವ ಸೇರಿಸಿದರು. ಮೊದಲ ದಿನ ನಾನು ಅಮ್ಮನನ್ನು ಕೇಳಿದಾಗ ಮನೆತನದಲ್ಲಿ ಯಾರಿಗೂ ಇಲ್ಲ ಅಂದಿದ್ದರು. ಮದುವೆಯಾಗಿ ಬಂದವರಿಗೆ ಮೈದುನನ ಬಾಲ್ಯ ಹೇಗೆ ಗೊತ್ತಿರಬೇಕು, ಅಲ್ವಾ.

ಫೈಲ್ ಮತ್ತೆ ತೆರೆದೆ.

ಎರಡನೇ ಸುತ್ತು

ನಿಜವಾದ ಭಾಷಾ ತೊಂದರೆ ಇದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದು ಕಲಿಕೆ ಸಾಲದ್ದು. ಇದನ್ನು ನೋಡಬೇಕಾದರೆ ತೆಲುಗು ಬೇಕು. ನನಗೆ ಬರುವ ತೆಲುಗು ಅಂಗಡಿಯ ಮಟ್ಟದ್ದು. ಮದನಪಲ್ಲಿ ಕಡೆಯ ಸಹೋದ್ಯೋಗಿಯೊಬ್ಬರು ವಿಡಿಯೊ ಕಾಲಿನಲ್ಲಿ ಸೇರಿಕೊಂಡರು. ಆ ಕಡೆಯ ತೆಲುಗೇ ಬೇಕಿತ್ತು. ಕರಾವಳಿ ಆಂಧ್ರದವರಾಗಿದ್ದರೆ ಮತ್ತೆ ಊರ ಮಾತಿಗೆ ಗುಂಡು ಬೀಳುತ್ತಿತ್ತೇನೋ.

ಮೊದಲು ಬೇರೆ ಕಾರಣಗಳನ್ನು ಬದಿಗಿಟ್ಟೆವು. ಮನು ಬೆರಳು ತೋರಿಸುತ್ತಾನೆ, ಕಣ್ಣಿಗೆ ಕಣ್ಣು ಕೊಡುತ್ತಾನೆ, ಗೊಂಬೆಗೆ ಊಟ ಮಾಡಿಸಿ ನನ್ನ ಮುಖ ನೋಡುತ್ತಾನೆ. ಆಟಿಸಂನ ಲಕ್ಷಣ ಕಾಣಲಿಲ್ಲ. ಮನಶ್ಶಾಸ್ತ್ರಜ್ಞರು ಮರದ ಆಕಾರಗಳನ್ನು ಗುಳಿಗೆ ಸೇರಿಸುವ ಸೆಗ್ವಿನ್ ಬೋರ್ಡ್ ಕೊಟ್ಟರು. ವಯಸ್ಸಿಗೆ ತಕ್ಕ ಹಾಗೆ ಮುಗಿಸಿದ.

ಆಮೇಲೆ ಅವ್ವನನ್ನೂ ಅವನನ್ನೂ ಚಾಪೆ ಮೇಲೆ ಕೂರಿಸಿ, ಆಟದ ಪಾತ್ರೆ ಸಾಮಾನು ಕೊಟ್ಟು, ಫೋನಿನಲ್ಲಿ ರೆಕಾರ್ಡ್ ಹಾಕಿ ನಾವು ದೂರ ಸರಿದೆವು. ತೆಲುಗಿನ 50 ಮಾತು ಸಿಕ್ಕಿತು. ಇನ್ನೊಂದು ದಿನ ಕನ್ನಡದ 50. ಇಲ್ಲಿ ಪದ ಎಣಿಸುವುದರಲ್ಲಿ ಅರ್ಥವಿಲ್ಲ. ‘ಬರ್ತಿದ್ದಾನಂತೆ’ ಒಂದೇ ಪದ, ಆದರೆ ಅದರೊಳಗೆ ಯಾರು, ಯಾವಾಗ, ಯಾರೋ ಹೇಳಿದ್ದು ಎನ್ನುವುದೆಲ್ಲ ಅಂಟಿಕೊಂಡಿದೆ. ಆ ತುಂಡುಗಳನ್ನು ಎಣಿಸಬೇಕು. ಮನುವಿನ ಮಾತಿನಲ್ಲಿ ಸರಾಸರಿ 2.6 ತುಂಡು ಇತ್ತು, ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಅಷ್ಟೇ. ಚಿಕ್ಕವಳನ್ನೂ ಒಂದು ದಿನ ಕರೆಸಿದೆವು. ಅವಳದು 4ರ ಮೇಲೆ.

ಯಾವ ತುಂಡು ಬೀಳುತ್ತಿತ್ತು ಅನ್ನುವುದೇ ಮುಖ್ಯವಾಯಿತು. ‘ನಾನು ಬಸ್ಸು ಹೋದೆ’. ಬಸ್ಸಲ್ಲಿ ಅನ್ನುವ ‘ಅಲ್ಲಿ’ ಇಲ್ಲ. ತೆಲುಗಿನಲ್ಲೂ ‘ಬಸ್ಸುಲೋ’ ಬದಲು ‘ಬಸ್ಸು’ ಅಷ್ಟೇ. ‘ಅವ್ವ ಕೊಟ್ಟೆ’ ಅನ್ನುತ್ತಾನೆ, ಅವ್ವ ಕೊಟ್ಟರೋ ಅವ್ವನಿಗೆ ಕೊಟ್ಟನೋ ತಿಳಿಯದು. ತೆಲುಗಿನಲ್ಲಿ ‘ಅಮ್ಮ ಒಚ್ಚಾಡು’ ಎಂದಾಗ ಸಹೋದ್ಯೋಗಿ ಪರದೆಯ ಮೇಲೆ ಕೈ ಎತ್ತಿದರು. ಅದು ಗಂಡಸಿಗೆ ಹೇಳುವ ರೂಪ. ‘ಅಕ್ಕ ಬಂತು’ ತೆಲುಗಿನ ಪ್ರಭಾವ, ಸರಿ. ಆದರೆ ‘ಅಮ್ಮ ಒಚ್ಚಾಡು’ ಯಾವ ಭಾಷೆಯ ಪ್ರಭಾವವೂ ಅಲ್ಲ. ಯಾವ ಊರಲ್ಲೂ ಹಾಗನ್ನುವುದಿಲ್ಲ.

ಬಾಯಾರಿದ ಕಾಗೆಯ ಕತೆಯನ್ನು ಚಿತ್ರ ತೋರಿಸಿ ಹೇಳಿ, ತಿರುಗಿ ಹೇಳು ಅಂದೆವು. ಕನ್ನಡದಲ್ಲಿ: ‘ಕಾಗೆ... ನೀಲು... ಕಲ್ಲು... ಆಯ್ತು.’ ತೆಲುಗಿನಲ್ಲಿ: ‘ಕಾಕಿ... ನೀಳ್ಳು... ರಾಯಿ... ಅಯಿಪೋಯಿಂದಿ.’ ಒಂದೇ ಅಸ್ಥಿಪಂಜರ, ಎರಡು ಭಾಷೆ.

ಇನ್ನೆರಡು ಪರೀಕ್ಷೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಂಥ ಊರುಗಳಲ್ಲಿ ಇವು ತುಂಬ ಉಪಯೋಗಕ್ಕೆ ಬರುತ್ತವೆ.

ಒಂದು, ಅರ್ಥವಿಲ್ಲದ ಪದ ಹೇಳಿಸುವುದು. ‘ಮಿಪೋ’, ‘ಗೊಟಿಮು’, ‘ಬೆಲುಕಪಿ’, ಹೀಗೆ. ಯಾವ ಭಾಷೆಯ ಪದವೂ ಅಲ್ಲವಾದ್ದರಿಂದ ಯಾವ ಭಾಷೆ ಎಷ್ಟು ಬರುತ್ತದೆ ಅನ್ನುವುದರ ಪಾತ್ರ ಇಲ್ಲಿ ಕಡಿಮೆ. ಕಿವಿಗೆ ಬಿದ್ದದ್ದನ್ನು ಮನಸ್ಸು ಎಷ್ಟು ಹೊತ್ತು ಹಿಡಿದಿಡುತ್ತದೆ ಎನ್ನುವುದು ತಿಳಿಯುತ್ತದೆ. ಎರಡು ಅಕ್ಷರದವನ್ನು ಮನು ಚಕಚಕ ಹೇಳಿದ. ಮೂರಕ್ಕೆ ಅರ್ಧ ಸರಿ. ನಾಲ್ಕಕ್ಕೆ ಬಂದಾಗ ‘ಬೆಪಿ’ ಅಂದು ನಕ್ಕುಬಿಟ್ಟ. ಚಿಕ್ಕವಳು ಮೂರನ್ನು ಸಲೀಸಾಗಿ ದಾಟಿದಳು. ಇದನ್ನು ಮಾರ್ಚಿನಲ್ಲೇ ಮಾಡಿದ್ದರೆ ಕಿವಿಯ ನೀರಿನಿಂದ ಹೀಗಾಯಿತು ಎಂದು ತಳ್ಳಿಹಾಕಬಹುದಿತ್ತು. ಕಿವಿ ಸರಿಯಾದ ಮೇಲೆ ಮಾಡಿದ್ದರಿಂದ ಆ ನೆಪ ಉಳಿಯಲಿಲ್ಲ.

ಇನ್ನೊಂದು, ಕಲಿಸಿ ನೋಡುವುದು. ಮೊದಲು ಪರೀಕ್ಷೆ, ಆಮೇಲೆ ಸ್ವಲ್ಪ ಪಾಠ, ಮತ್ತೆ ಪರೀಕ್ಷೆ. ಮಗುವಿಗೆ ಏನು ಬರುತ್ತದೆ ಅನ್ನುವುದಕ್ಕಿಂತ ಹೇಗೆ ಕಲಿಯುತ್ತದೆ ಅನ್ನುವುದನ್ನು ಇಲ್ಲಿ ನೋಡುತ್ತೇವೆ. ಡಬ್ಬಿ, ಕುದುರೆ, ಲೋಟ ಇಟ್ಟುಕೊಂಡು ‘ಡಬ್ಬಿಯಲ್ಲಿ’, ‘ಡಬ್ಬಾಲೋ’ ಎಂದು 20 ನಿಮಿಷದಂತೆ ಎರಡು ದಿನ ಆಡಿಸಿದೆವು. ಅಭ್ಯಾಸ ಸಾಲದ ಮಗುವಾದರೆ ಮೊದಲ ದಿನವೇ ಹಿಡಿದು ಬೇರೆ ವಸ್ತುಗಳಿಗೂ ಹಚ್ಚುತ್ತದೆ. ಮನುವಿಗೆ ಪ್ರತಿ ಸಲವೂ ನೆನಪಿಸಬೇಕಾಯಿತು. ಡಬ್ಬಿಗೆ ಕಲಿತದ್ದು ಚೀಲಕ್ಕೆ ಬರಲಿಲ್ಲ. ಆದರೆ ನಾನು ಅಂಗೈಯನ್ನು ಬಟ್ಟಲಿನಂತೆ ಮಾಡಿ ತೋರಿಸಿದಾಗಲೆಲ್ಲ ‘ಅಲ್ಲಿ’ ತಾನಾಗಿ ಬಂತು. ಬಾಯಿ ಮಾತಿಗಿಂತ ಕೈಯ ಗುರುತು ಅವನಿಗೆ ಹತ್ತಿರ. ಯಾವ ಅಂಕಪಟ್ಟಿಯಲ್ಲೂ ಸಿಗದ ಈ ವಿಷಯ ಮುಂದೆ ಥೆರಪಿಯ ದಾರಿಯಾಯಿತು.

ಏನೆಂದು ಬರೆದೆವು, ಏನಾಯಿತು

ಬೆಳವಣಿಗೆಯ ಭಾಷಾ ತೊಂದರೆ ಎಂದು ಬರೆದೆವು. ಇಂಗ್ಲಿಷಿನಲ್ಲಿ ಇದಕ್ಕೆ ಡಿಎಲ್‌ಡಿ ಅನ್ನುತ್ತಾರೆ. ಕಿವಿ ಸರಿ ಇದ್ದು, ಬುದ್ಧಿ ಸರಿ ಇದ್ದು, ಬೇರೆ ಕಾಯಿಲೆ ಕಾಣದೆ, ಭಾಷೆ ಮಾತ್ರ ಕೈಗೆ ಹತ್ತದ ಸ್ಥಿತಿ. ಮೊದಲು ಇದಕ್ಕೆ ಹತ್ತಾರು ಹೆಸರಿದ್ದವು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಡೊರೊತಿ ಬಿಷಪ್ ಮುಂತಾದವರು ತಜ್ಞರನ್ನೆಲ್ಲ ಸೇರಿಸಿ 2017ರಲ್ಲಿ ಒಂದೇ ಹೆಸರಿಗೆ ಒಪ್ಪಿಸಿದರು. ಅಪರೂಪದ್ದೇನೂ ಅಲ್ಲ. ಇಂಗ್ಲೆಂಡಿನ ಸರೆ ಕೌಂಟಿಯಲ್ಲಿ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಕಾರಣವಿಲ್ಲದೆ ಭಾಷಾ ತೊಂದರೆ ಇದ್ದವರು ನೂರಕ್ಕೆ ಏಳೂವರೆಯಷ್ಟಿದ್ದರು.

ಅಪ್ಪ ಅಮ್ಮನಿಗೆ ಹೇಳುವುದು ಕಷ್ಟವಾಯಿತು. ‘ಅವತ್ತು ಏನಿಲ್ಲ ಅಂದ್ರಿ, ಇವತ್ತು ಇದೆ ಅಂತೀರಾ’ ಅಂದರು ಅಮ್ಮ. ಸಿಟ್ಟು ನ್ಯಾಯವಾದದ್ದೇ. ಅವತ್ತು ಪೂರ್ತಿ ನೋಡದೆ ಹೇಳಿದೆ, ತಪ್ಪಾಯಿತು ಅಂದೆ. ಬೇರೆ ಏನು ಹೇಳುವುದು?

ಥೆರಪಿಯ ಮೊದಲ ಆರು ವಾರ ದಂಡ. ಮನೆಯಲ್ಲಿ ಅಮ್ಮ ದಿನಾ ಚಿತ್ರದ ಕಾರ್ಡು ತೋರಿಸಬೇಕು ಎಂದು ಬರೆದುಕೊಟ್ಟಿದ್ದೆ. ಗಾರ್ಮೆಂಟ್ಸಿನಿಂದ ಏಳು ಗಂಟೆಗೆ ಬಂದು, ಅಡುಗೆ ಮುಗಿಸಿ, ನಿದ್ದೆಗಣ್ಣಿನ ಮಗುವಿಗೆ ಕಾರ್ಡು ತೋರಿಸಲು ಯಾರಿಂದ ಆಗುತ್ತದೆ? ಏಳನೇ ವಾರ ಕಾರ್ಡು ವಾಪಸ್ ತೆಗೆದುಕೊಂಡೆ. ಕೆಲಸ ಅವ್ವನಿಗೆ ಹೋಯಿತು. ರಾತ್ರಿ ಕತೆ ಮತ್ತೆ ಶುರು, ತೆಲುಗಿನಲ್ಲೇ. ಒಂದೇ ಒಂದು ಬದಲಾವಣೆ: ‘ಲೋ’ ಬರುವ ಕಡೆಯೆಲ್ಲ ಅಂಗೈ ಬಟ್ಟಲು ಮಾಡಬೇಕು, ‘ಕಿ’, ಅಂದರೆ ಕನ್ನಡದ ‘ಗೆ’, ಬರುವ ಕಡೆ ಕೈ ಚಾಚಿ ಕೊಡುವ ಹಾಗೆ ಮಾಡಬೇಕು. ಅವ್ವ ಇದನ್ನು ಹರಿಕಥೆಯವರಂತೆ ಅಭಿನಯಿಸಿ ಮಾಡುತ್ತಿದ್ದರಂತೆ. ವಾರಕ್ಕೊಮ್ಮೆ ನನ್ನ ಬಳಿ ಅದೇ ಗುರುತು, ಕನ್ನಡದಲ್ಲಿ. ಶಾಲೆಯ ಮಿಸ್ ಒಂದು ಮಾತಿಗೆ ಒಪ್ಪಿದರು: ಮೂರು ಕೆಲಸ ಒಟ್ಟಿಗೆ ಹೇಳದೆ ಒಂದೊಂದಾಗಿ ಹೇಳುವುದು.

ಎಂಟು ತಿಂಗಳಲ್ಲಿ 2.6 ಇದ್ದದ್ದು 3.9ಕ್ಕೆ ಬಂತು. ‘ಅಲ್ಲಿ’, ‘ಗೆ’ ಹತ್ತರಲ್ಲಿ ಏಳೆಂಟು ಸಲ ಬರುತ್ತದೆ. ಕೈ ಈಗ ಬೇಕಿಲ್ಲ, ಕೆಲವೊಮ್ಮೆ ತಾನೇ ತೊಡೆಯ ಮೇಲೆ ಬಟ್ಟಲು ಮಾಡಿಕೊಳ್ಳುತ್ತಾನೆ. ಕಾಗೆ ಈಗ ‘ಕಲ್ಲು ಹಾಕಿ ನೀರು ಕುಡೀತು’. ರ ತಾನಾಗಿ ಬಂತು, ನಾವು ಮುಟ್ಟಲಿಲ್ಲ. ನಾಲ್ಕು ಅಕ್ಷರದ ಅರ್ಥವಿಲ್ಲದ ಪದ ಮಾತ್ರ ಈಗಲೂ ‘ಬೆಪಿ’ಯೇ. ಅದಕ್ಕೇ ಓದುವುದರ ಬಗ್ಗೆ ನನಗೆ ಅನುಮಾನವಿದೆ. ಒಂದನೇ ಕ್ಲಾಸಿಗೆ ಹೋದ ಮೇಲೆ ಕಾಗುಣಿತ, ಒತ್ತಕ್ಷರ ಹೇಗೆ ಬರುತ್ತವೆ ಎಂದು ನೋಡಬೇಕು.

ನನ್ನ ಕೋಣೆಯಲ್ಲಿ ಕೆಲವು ಬದಲಾವಣೆ ಆಗಿದೆ. ಮೊದಲ ಭೇಟಿಗೆ ಮಗುವಿನ ಜೊತೆ ಹಗಲು ಇರುವವರನ್ನೇ ಕರೆತರಲು ಹೇಳುತ್ತೇನೆ. ಅಜ್ಜಿ ಆಗಲಿ, ಪಕ್ಕದ ಮನೆಯವರಾಗಲಿ. ಅದೇ ಮನೆಯ ಇನ್ನೊಂದು ಮಗು ಎಷ್ಟು ಮಾತಾಡುತ್ತದೆ ಎಂದು ಕೇಳುತ್ತೇನೆ. ರಿಪೋರ್ಟಿನ ಜೊತೆ ಉತ್ತರದ ಹಾಳೆಯ ನಕಲನ್ನೂ ಕೊಡುತ್ತೇನೆ. ಮುಂದೆ ಯಾರಾದರೂ ನನ್ನ ಗುಂಡುಗಳನ್ನೂ ಎಣಿಸಬಹುದಲ್ಲ.

ಖಾಸಗಿ ನರ್ಸರಿಯ ಮಕ್ಕಳ ವಿಷಯ ಇನ್ನೂ ಹಾಗೇ ಉಳಿದಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು, ಮಾತು ಕಿವಿ ಎಲ್ಲ ನೋಡಬೇಕು. ಮನು ಮೂರು ವರ್ಷಕ್ಕೇ ಕಾನ್ವೆಂಟ್ ಸೇರಿದ್ದರಿಂದ ಆ ಕಣ್ಣಿಗೂ ಬೀಳಲಿಲ್ಲ. ದುಡ್ಡು ಕೊಟ್ಟು ತಪ್ಪಿಸಿಕೊಂಡ ಹಾಗಾಯಿತು.

ಮುಂದಿನ ಭೇಟಿ ಜೂನಿಗೆ. ಗುರಿಗಳ ಪಟ್ಟಿ ಹೊಸದಾಗಿ ಬರೆದಿದ್ದೇನೆ. ಮನು ಈಗಲೂ ‘ಅಕ್ಕ ಬಂತು’ ಅನ್ನುತ್ತಾನೆ. ಅದನ್ನು ಪಟ್ಟಿಗೆ ಸೇರಿಸಿಲ್ಲ. ಹೋದ ವಾರ ಅವನ ಅಪ್ಪ ಫೋನ್ ಮಾಡಿ, ‘ಮೇಡಂ, ಅವ್ವ ಬರೋಕಾಗಲ್ಲ, ನಮ್ಮಕ್ಕ ಊರಿಂದ ಬಂದೈತೆ’ ಅಂದರು.